ಆಫ್ ಮಾಡಲಾಗದ ಅಂಬಾಸಿಡರ್

ಕೂಟಗಲ್ಲಿನ ಅನಂತರಾಜು ಹಾಲಿನ ಡೈರಿಯ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಹಾಲಿಗೆ ನೀರು ಬೆರೆಸಿ ತಂದವರನ್ನು ಮುಖ ನೋಡಿಯೇ ಹಿಡಿಯಬಲ್ಲೆ, ಲ್ಯಾಕ್ಟೋಮೀಟರು ಇರುವುದು ಸುಮ್ಮನೆ ಸಾಕ್ಷಿಗೆ, ಎನ್ನುತ್ತಿದ್ದರು. ಊರು ಇದನ್ನು ನಂಬಿತ್ತೋ ಇಲ್ಲವೋ, ಅವರಂತೂ ನಂಬಿದ್ದರು. ನಿವೃತ್ತಿಯ ನಂತರ ಹಾಲು ಹಿಡಿದು ಎದುರಿಗೆ ನಿಲ್ಲುವವರು ಯಾರೂ ಇಲ್ಲದ್ದರಿಂದ ಅವರ ಈ ವಿದ್ಯೆಯೆಲ್ಲ ಮನೆ ಮುಂದಿನ ಬಿಳಿ ಅಂಬಾಸಿಡರ್ ಕಾರಿನ ಕಡೆಗೆ ತಿರುಗಿತು.

ಕಾರು ಮಾಗಡಿಯ ವಯಸ್ಸಾದ ಡಾಕ್ಟರೊಬ್ಬರದು. ಕಣ್ಣು ಮಂಜಾಗಿ ಅವರು ಓಡಿಸುವುದನ್ನು ಬಿಟ್ಟಾಗ ಅನಂತರಾಜು ಕೊಂಡು ತಂದಿದ್ದರು. ಊರಿನ ಉಳಿದವರು ಹೊಸ ಕಾರು ತಂದು, ಅದು ಹಳೆಯದಾಗುವ ಮೊದಲೇ ಇನ್ನೊಂದು ತಂದರು. ಅನಂತರಾಜು ಮಾತ್ರ ಬೆಳಗ್ಗೆ ಎದ್ದು ಅದೇ ಕಾರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೇ ಕಾಫಿ ಕುಡಿಯುತ್ತಿದ್ದರು. ಯಾರಾದರೂ ಹಳೇ ಗಾಡಿ ಎಂದರೆ ನಿಂತು ತಿದ್ದುತ್ತಿದ್ದರು.

"ಹಳೇದಲ್ಲ ಕಣಪ್ಪ, ಕ್ಲಾಸಿಕ್ಕು."

ಅವರ ತಂಗಿ ಮುನಿಯಮ್ಮ, ಗಂಡ ತೀರಿಕೊಂಡ ಮೇಲೆ, ಮಗಳು ಪುಟ್ಟಿಯನ್ನು ಕರೆದುಕೊಂಡು ಬಂದು ಅಣ್ಣನ ಪಕ್ಕದ ಮನೆಯಲ್ಲೇ ಇದ್ದರು. ಪುಟ್ಟಿ ರಾಮನಗರದ ಒಂದು ಆಸ್ಪತ್ರೆಯಲ್ಲಿ ನರ್ಸು. ನೋಡಲು ಬಂದ ಗಂಡುಗಳಲ್ಲಿ ಒಬ್ಬ ಜಾಸ್ತಿ ಮಾತಾಡುತ್ತಾನೆ, ಇನ್ನೊಬ್ಬ ಮಾತೇ ಆಡುವುದಿಲ್ಲ, ಮತ್ತೊಬ್ಬ ಬಿಸ್ಕತ್ತನ್ನು ಕಾಫಿಗೆ ಅದ್ದಿ ತಿನ್ನುತ್ತಾನೆ ಎಂದು ಎಲ್ಲರನ್ನೂ ವಾಪಸು ಕಳಿಸಿದ್ದಳು. ಹೊಂಗನೂರಿನ ರೇಷ್ಮೆ ಬೆಳೆಗಾರ ರಾಮಲಿಂಗಯ್ಯನವರ ಮಗ ಯೋಗಾನಂದ ಬಂದು ಹೋದ ಸಂಜೆ ಮಾತ್ರ, ಕೇಳಿದ್ದಕ್ಕೆ, "ನಿಮ್ಮಿಷ್ಟ" ಎಂದಳು. ಆ ಹುಡುಗಿಯ ಬಾಯಲ್ಲಿ ಅಂಥ ಮಾತು ಬಂದದ್ದು ಅದೇ ಮೊದಲು. ಮುನಿಯಮ್ಮ ಒಳಗೆ ಹೋಗಿ ದೇವರ ಪಟದ ಮುಂದೆ ನಿಂತು ಅತ್ತುಬಿಟ್ಟರು.

ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ಗಂಡಿನ ಕಡೆಯವರು ಹೊರಡುವಾಗ ರಾಮಲಿಂಗಯ್ಯನವರು ಕಾರಿನ ಮುಂದೆ ನಿಂತು, ಮರ್ಯಾದೆಗೆ ಒಂದು ಮಾತು ಕೇಳಿದರು.

"ಇಂಥ ಗಾಡಿ ನೋಡಿ ಕಾಲ ಆಯ್ತು. ಇನ್ನೂ ಓಡ್ತದಾ ಯಜಮಾನ್ರೆ?"

ಅನಂತರಾಜು ಬಾಗಿಲು ತೆಗೆದು ಕೂತು ಕೀಲಿ ತಿರುಗಿಸಿದರು. ಇಂಜಿನ್ನು ಒಂದೇ ಸಲಕ್ಕೆ ಎದ್ದು ಗುಡುಗಿತು.

"ಒಂದೇ ಸೆಲ್ಫು," ಎಂದರು, ತಲೆ ಹೊರಗೆ ಹಾಕಿ. "ಇಲ್ಲೀಗಂಟ ಈ ಗಾಡೀನ ಒಬ್ರೂ ತಳ್ಳಿಲ್ಲ. ತಳ್ಳೋ ಗಾಡೀಲಿ ಕೂರೋ ಜಾಯಮಾನ ನಮ್ದಲ್ಲ. ನಿಮ್ಮ ಮನೆ ನೋಡಕ್ಕೆ ಇದ್ರಲ್ಲೇ ಬತ್ತೀವಿ."

ಮುಂದಿನ ವಾರ, ರಾಮನಗರದ ಮಾರ್ಕೆಟ್ಟಿನ ಎದುರು, ಕಾರು ಕೆಟ್ಟಿತು.

ತರಕಾರಿ ಕೊಂಡು ಬಂದು ಕೂತು ಕೀಲಿ ತಿರುಗಿಸಿದರೆ 'ಟಕ್' ಎಂಬ ಒಂದೇ ಸದ್ದು. ದೀಪ ಹತ್ತುತ್ತದೆ, ಹಾರನ್ನು ಕೂಗುತ್ತದೆ, ಇಂಜಿನ್ನು ಮಾತ್ರ ಅಲ್ಲಾಡುವುದಿಲ್ಲ. ಕೊನೆಗೆ ಸೊಪ್ಪಿನವರು, ನಿಂಬೆಹಣ್ಣಿನವರು, ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಸೇರಿ ತಳ್ಳಿದರು. ಅನಂತರಾಜು ತಲೆಗೆ ಟವೆಲು ಸುತ್ತಿಕೊಂಡು, ಪರಿಚಯದವರು ಯಾರೂ ನೋಡದಿರಲಿ ಎಂದು ಸ್ಟೇರಿಂಗಿನ ಹಿಂದೆ ಕುಗ್ಗಿ ಕೂತಿದ್ದರು. ಮನೆಗೆ ಬಂದು, ಊಟ ಮಾಡಿ, ಒಂದು ನಿದ್ದೆ ತೆಗೆದು, ಹೆದರುತ್ತಾ ಕೀಲಿ ತಿರುಗಿಸಿದರೆ ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ರೋಗದ ಲಕ್ಷಣವೇ ಇದು. ತಣ್ಣಗಿದ್ದಾಗ ಏನೂ ಆಗಿಲ್ಲದಂತೆ ಏಳುತ್ತಿತ್ತು. ದೂರ ಓಡಿ ಬಿಸಿಯಾದ ಮೇಲೆ ಒಮ್ಮೆ ಆಫ್ ಮಾಡಿದರೆ ಮುಗಿಯಿತು.

ಅನಂತರಾಜು ಬ್ಯಾಟರಿ ಎಂದು ತೀರ್ಮಾನಿಸಿ ಹೊಸ ಬ್ಯಾಟರಿ ಹಾಕಿಸಿದರು. ಪ್ರಯೋಜನವಾಗಲಿಲ್ಲ. ಊರಿನವರು ಪೆಟ್ರೋಲು ಕಲಬೆರಕೆ ಎಂದರು, ವೈರು ಇಲಿ ಕಚ್ಚಿದೆ ಎಂದರು. ಎದುರು ಮನೆಯ ಹಿರಿಯರಾದ ಅಂಕಯ್ಯನವರು, ಹೆಣ್ಣು ನೋಡಲು ಬಂದವರ ಕಣ್ಣು ಬಿದ್ದಿದೆ ಎಂದು ಹೇಳಿ ತಾವೇ ಒಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಹೋದರು. ಅದಾದ ಮೇಲೂ 'ಟಕ್' ಎಂದಾಗ ಅನಂತರಾಜು ಚನ್ನಪಟ್ಟಣದ ಜಬ್ಬಾರ್ ಅವರ ಅಂಗಡಿಗೆ ಹೋದರು.

ಜಬ್ಬಾರ್ ಸ್ಟೇಷನ್ ರಸ್ತೆಯ ಆಟೊ ಎಲೆಕ್ಟ್ರಿಷಿಯನ್. ಕೆಲಸಕ್ಕಿಂತ ಮಾತು ಒಂದು ತೂಕ ಹೆಚ್ಚು. ಅನಂತರಾಜು ಹೋದಾಗ ಜಬ್ಬಾರ್ ಒಂದು ಆಟೋದ ಹೊಟ್ಟೆಯೊಳಗೆ ತಲೆ ಹಾಕಿದ್ದರು. "ಕೂತ್ಕೊಳಿ ಅನಂತಣ್ಣ, ಬಂದೆ" ಎಂದವರು ಆ ಆಟೋ ಮುಗಿಸಿ, ಚಹಾ ತರಿಸಿ, ಕುಡಿದು, ಬಾಯಿ ಒರೆಸಿಕೊಂಡು ಬರುವ ಹೊತ್ತಿಗೆ ಅಂಬಾಸಿಡರ್ ತಣ್ಣಗಾಗಿತ್ತು. ಕೀಲಿ ತಿರುಗಿಸಿದರು. ಸ್ಟಾರ್ಟ್ ಆಯಿತು. ಆಫ್ ಮಾಡಿ ಮತ್ತೆ ತಿರುಗಿಸಿದರು. ಮತ್ತೆ ಆಯಿತು.

"ಏನಾಗೈತೆ ಇದ್ಕೆ?" ಎಂದರು ಜಬ್ಬಾರ್.

"ಸ್ಟಾರ್ಟ್ ಆಗ್ತಾ ಇಲ್ಲ."

ಜಬ್ಬಾರ್ ಗುಡುಗುತ್ತಿದ್ದ ಇಂಜಿನ್ನನ್ನೂ ಅನಂತರಾಜು ಅವರನ್ನೂ ಒಮ್ಮೆ ನೋಡಿದರು.

"ಅಣ್ಣ, ನನ್ನ ಅಂಗ್ಡಿ ಮುಂದೆ ಬಂದ್ರೆ ಗಾಡಿಗಳಿಗೆ ಭಯ. ಮುಟ್ಟೋ ಮುಂಚೇನೇ ಸರಿಹೋಗ್ಬುಡ್ತವೆ. ನೀವು ಆರಾಮಾಗಿ ಹೋಗಿ."

ಆರಾಮಾಗಿ ಹೋದ ಅನಂತರಾಜು ದಾರಿಯಲ್ಲಿ ಎಳನೀರು ಕುಡಿಯಲು ನಿಲ್ಲಿಸಿದರು. ಮತ್ತೆ ತಳ್ಳಿಸಬೇಕಾಯಿತು.

ಗಂಡಿನ ಮನೆ ನೋಡಲು ಹೋಗುವ ದಿನ ಬಂದೇಬಿಟ್ಟಿತು. ಬಾಡಿಗೆ ಕಾರು ಮಾಡೋಣ ಎಂದು ಮುನಿಯಮ್ಮ ಅಂದರು. ಅನಂತರಾಜು ಒಪ್ಪಲಿಲ್ಲ. ಇದರಲ್ಲೇ ಬರುತ್ತೇವೆ ಎಂದು ಎದೆ ತಟ್ಟಿ ಹೇಳಿಯಾಗಿದೆ. ಅವರು ರಾತ್ರಿಯೆಲ್ಲ ಯೋಚಿಸಿ ಒಂದು ದಾರಿ ಕಂಡುಹಿಡಿದಿದ್ದರು. ಆಫ್ ಮಾಡಿದರೆ ತಾನೇ ಸ್ಟಾರ್ಟ್ ಮಾಡುವ ಪ್ರಶ್ನೆ? ಆಫ್ ಮಾಡದಿದ್ದರಾಯಿತು. ಇಷ್ಟು ಸರಳವಾದ ಸಂಗತಿ ಜಬ್ಬಾರ್‌ಗೆ ಯಾಕೆ ಹೊಳೆಯಲಿಲ್ಲವೋ ಎಂದು ಅವರಿಗೆ ಕನಿಕರವೂ ಆಯಿತು. ಚನ್ನಪಟ್ಟಣಕ್ಕೆ ಹೋಗಿಬಂದ ಮೇಲೆ ಕಾರು ಸರಿಯಾಗಿದೆ ಎಂದೇ ತಂಗಿಗೂ ಹೇಳಿದರು.

"ಗಾಡಿ ಆನಲ್ಲೇ ಇರ್ತದೆ. ಹೊಸ ಬ್ಯಾಟ್ರಿ, ಚಾರ್ಜ್ ಆಗ್ಲಿ ಅಂತ. ಇನ್ನೇನೂ ಇಲ್ಲ ತಿಳ್ಕೊ."

ಮುನಿಯಮ್ಮ ಅದನ್ನೇ ತಿಳಿದುಕೊಂಡರು. ಹಿರಿಯರೊಬ್ಬರು ಜೊತೆಗಿರಲಿ ಎಂದು ಅಂಕಯ್ಯನವರನ್ನು ಹಿಂದಿನ ಸೀಟಿಗೆ ಹತ್ತಿಸಿದರು. ಅಂಕಯ್ಯನವರಿಗೆ ಕಿವಿ ಮಂದ. ತೂಕದ ಮನುಷ್ಯರು ಎಂದು ಹೆಸರಾಗಲು ಅದೂ ಒಂದು ಕಾರಣವಾಗಿತ್ತು.

ಹೊಂಗನೂರಿನಲ್ಲಿ ರಾಮಲಿಂಗಯ್ಯನವರೂ ಅವರ ಹೆಂಡತಿ ದೇವೀರಮ್ಮನವರೂ ಬಾಗಿಲಿಗೇ ಬಂದು ಕರೆದರು. ಜಗಲಿ ಸಾರಿಸಿ ರಂಗೋಲಿ ಹಾಕಿತ್ತು. ಪಕ್ಕಕ್ಕೆ ರೇಷ್ಮೆ ಹುಳ ಸಾಕುವ ಉದ್ದನೆಯ ಹುಳುಮನೆ, ಅದರ ಹಿಂದೆ ಹಿಪ್ಪುನೇರಳೆ ತೋಟ. ಅನಂತರಾಜು ಇಳಿದು, ಚಪ್ಪಲಿ ಬಿಟ್ಟು, ಕಾಲು ತೊಳೆದು, ಚಾಪೆಯ ಮೇಲೆ ಕೂತರು. ಹೊರಗೆ ಅಂಬಾಸಿಡರ್ ಗುಡುಗುಡು ಎನ್ನುತ್ತಲೇ ಇತ್ತು.

ರಾಮಲಿಂಗಯ್ಯನವರು ಒಮ್ಮೆ ಬಾಗಿಲ ಕಡೆ ನೋಡಿದರು.

"ಡ್ರೈವರ್ ಅವ್ನಾ ಒಳಗೆ? ಕಾಫಿ ಕೊಟ್ಟು ಕಳಿಸ್ಲಾ?"

"ಇಲ್ಲ, ನಾನೇ ಓಡ್ಸೋದು."

"ಗಾಡಿ ಆಫ್ ಮಾಡೋದು ಮರ್ತುಬುಟ್ರಾ ಅಂತ."

"ಇಲ್ಲಿಲ್ಲ. ಇರ್ಲಿ ಬುಡಿ ಯಜಮಾನ್ರೆ. ಒಸಿ ಅರ್ಜೆಂಟೈತೆ."

ಅಲ್ಲಿಂದಲೇ ಎಡವಟ್ಟು ಶುರುವಾಯಿತು. ಮನೆ ನೋಡಲು ಬಂದವರು ಅರ್ಜೆಂಟಿದೆ ಎನ್ನುವುದು, ಕಾರನ್ನು ಹೊರಡಲು ತಯಾರಾಗಿ ನಿಲ್ಲಿಸಿಕೊಂಡು ಒಳಗೆ ಕೂರುವುದು, ಹೊಂಗನೂರು ಕಂಡರಿಯದ ಸಂಗತಿ. ಬೀದಿಯ ಎರಡೂ ಕಡೆ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ದೇವೀರಮ್ಮ ಉಪ್ಪಿಟ್ಟಿನ ತಟ್ಟೆ ಇಡುತ್ತಾ ಮೆಲ್ಲಗೆ ಕೇಳಿದರು.

"ಇನ್ನೂ ಎಲ್ಲಿಗಾದ್ರೂ ಹೋಗ್ಬೇಕಿತ್ತಾಣ್ಣ?"

ಅನಂತರಾಜು ಅವರ ಕಿವಿ ಪೂರ್ತಿ ಇಂಜಿನ್ನಿನ ಮೇಲಿತ್ತು. ಅದರ ಸದ್ದು ಒಂದು ಗಳಿಗೆ ಇಳಿದಂತಾಯಿತು.

"ಹೂಂ ಕಣಮ್ಮ," ಎಂದರು. "ಇಲ್ಲೇ ಜಾಸ್ತಿ ಹೊತ್ತು ಕೂತ್ರೆ ಕೆಟ್ಟೋಯ್ತದೆ."

ದೇವೀರಮ್ಮ ಗಂಡನ ಮುಖ ನೋಡಿದರು. ರಾಮಲಿಂಗಯ್ಯನವರು ಉಪ್ಪಿಟ್ಟನ್ನು ನೋಡಿದರು. ಕೆಡುವುದು ಏನು, ಯಾವುದು ಕೆಡುತ್ತದೆ ಎಂದು ಕೇಳುವುದು ಬೀಗತನದ ಮಾತುಕತೆಯಲ್ಲಿ ಸಭ್ಯತೆಯಲ್ಲ. ಹಾಗಾಗಿ ಯಾರೂ ಕೇಳಲಿಲ್ಲ.

ಆಗ ಹುಳುಮನೆಯಿಂದ ಯೋಗಾನಂದ ಹೊಸ ಶರಟಿನಲ್ಲೇ ಓಡಿಬಂದ.

"ಅಪ್ಪಾ, ಕಾರಿನ ಹೊಗೆಯೆಲ್ಲ ಹುಳುಮನೆ ಕಿಟಕೀಲಿ ನುಗ್ತಾ ಐತೆ!"

ರಾಮಲಿಂಗಯ್ಯನವರು ಎದ್ದು ನಿಂತರು. ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು, ಇನ್ನೇನು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಹೊಗೆ ತಗುಲಿದರೆ ಇಡೀ ಬೆಳೆ ಹೋಗುತ್ತದೆ. ಆ ಮನೆಯಲ್ಲಿ ಬೀಡಿ ಸೇದುವವರನ್ನೂ ರಸ್ತೆಯಾಚೆಗೇ ನಿಲ್ಲಿಸುತ್ತಿದ್ದರು.

"ಯಜಮಾನ್ರೆ," ಎಂದರು ರಾಮಲಿಂಗಯ್ಯನವರು, ದನಿಯಲ್ಲಿ ಇದ್ದ ಮರ್ಯಾದೆಯನ್ನೆಲ್ಲ ಒಟ್ಟುಮಾಡಿಕೊಂಡು, "ದಯಮಾಡಿ ಗಾಡಿ ಆಫ್ ಮಾಡಿ."

ಅನಂತರಾಜು ಕೂಡ ಎದ್ದರು. ಬಾಯಲ್ಲಿ ಉಪ್ಪಿಟ್ಟು ಇತ್ತು. ಸತ್ಯ ಹೇಳುವುದಾದರೆ ಹೇಳಬೇಕಾದ ಗಳಿಗೆ ಅದೇ. ಆದರೆ ತಳ್ಳುವ ಗಾಡಿಯಲ್ಲಿ ಕೂರುವ ಜಾಯಮಾನ ನಮ್ಮದಲ್ಲ ಎಂದು ಇದೇ ಮನುಷ್ಯರ ಮುಂದೆ ಹೇಳಿದ್ದು ನೆನಪಾಗಿ ಉಪ್ಪಿಟ್ಟನ್ನು ಅಗಿಯದೆಯೇ ನುಂಗಿದರು.

"ಒಸಿ ದೂರ ನಿಲ್ಸಿ ಬತ್ತೀನಿ," ಎಂದವರೇ ಬರಿಗಾಲಲ್ಲಿ ಓಡಿ ಕಾರು ಹತ್ತಿದರು.

ಬಸ್ ಸ್ಟಾಪಿನ ಹತ್ತಿರ ನಿಲ್ಲಿಸಿದರು. ಹಿಂದೆಯೇ ಚನ್ನಪಟ್ಟಣದ ಬಸ್ಸು ಬಂದು ಹಾರನ್ನು ಹೊಡೆಯಿತು. ಕಂಡಕ್ಟರು ಇಳಿದು ಬಂದು, "ಗಾಡಿ ಆನಲ್ಲಿ ಐತೆ, ನೀವೂ ಒಳಗೆ ಕೂತಿದ್ದೀರ, ಮತ್ಯಾಕೆ ಹೋಗಲ್ಲ?" ಎಂದು ಕೇಳಿದರು. ಅನಂತರಾಜು ಗೇರು ಹಾಕಿ ಮುಂದೆ ಹೋದರು. ಸ್ಕೂಲಿನ ಮುಂದೆ ನಿಲ್ಲಿಸಿದರೆ ಮೇಷ್ಟ್ರು ಕಿಟಕಿಯಿಂದ ಕೈ ಬೀಸಿದರು. ಡೈರಿಯ ಮುಂದೆ ನಿಲ್ಲಿಸುವ ಹೊತ್ತಿಗೆ ನಿಂತಲ್ಲೇ ಓಡಿ ಓಡಿ ಇಂಜಿನ್ನಿನ ಶಾಖದ ಮುಳ್ಳು ಕೆಂಪು ಗೆರೆ ಹತ್ತಿರ ಬಂದಿತ್ತು. ನಿಲ್ಲಿಸಿಕೊಂಡಿದ್ದರೆ ಇಂಜಿನ್ನು ಕುದಿಯುತ್ತದೆ, ಆಫ್ ಮಾಡಿದರೆ ಏಳುವುದಿಲ್ಲ, ವಾಪಸು ಹೋದರೆ ಹುಳ ಸಾಯುತ್ತವೆ. ಓಡುತ್ತಾ ಇರುವುದೊಂದೇ ಉಳಿದಿತ್ತು. ರಸ್ತೆ ಚನ್ನಪಟ್ಟಣದ ಕಡೆಗಿತ್ತು. ಅನಂತರಾಜು ಓಡಿಸಿಕೊಂಡು ಹೋದರು.

ಇತ್ತ ಜಗಲಿಯಲ್ಲಿ ಅನಂತರಾಜು ಅವರ ತಟ್ಟೆಯ ಉಪ್ಪಿಟ್ಟು ಆರುತ್ತಿತ್ತು. ಮುನಿಯಮ್ಮ ಸೆರಗಿನ ಅಂಚು ಸುತ್ತುತ್ತಾ ಕೂತಿದ್ದರು. ಅಂಕಯ್ಯನವರು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಬಸ್ಸಿನಿಂದ ಇಳಿದವರೊಬ್ಬರು ಹಾದುಹೋಗುತ್ತಾ, ಬಿಳಿ ಅಂಬಾಸಿಡರು ಊರು ಬಿಟ್ಟು ಹೋಯಿತೆಂದು ಯಾರೂ ಕೇಳದಿದ್ದರೂ ಹೇಳಿ ಹೋದರು.

ರಾಮಲಿಂಗಯ್ಯನವರು ಬಾಗಿಲಾಚೆ ನೋಡಿ, "ಚಪ್ಲಿ ಬುಟ್ಟೋಗವ್ರೆ. ಬಂದೇ ಬತ್ತಾರೆ," ಎಂದರು. ಅವರು ಅಷ್ಟರಮಟ್ಟಿಗೆ ನ್ಯಾಯವಂತರು.

ಜಬ್ಬಾರ್ ಅಂಗಡಿಯ ಮುಂದೆ ಅನಂತರಾಜು ಬ್ರೇಕು ಹಾಕಿ, ಇಳಿಯದೆಯೇ ಕೂಗಿದರು.

"ಜಬ್ಬಾರಣ್ಣ! ಚಹಾ ಗಿಹಾ ಏನೂ ಬೇಡ! ಈಗ್ಲೇ ಬಾ! ಈಗ ಆಫ್ ಮಾಡ್ತೀನಿ, ಕಿವಿ ಕೊಟ್ಟು ಕೇಳು!"

ಆಫ್ ಮಾಡಿ ಕೀಲಿ ತಿರುಗಿಸಿದರು. ಟಕ್.

ಜಬ್ಬಾರ್ ಮುಖ ಗಂಭೀರವಾಯಿತು. ಬಾನೆಟ್ಟು ಎತ್ತಿ, ಬ್ಯಾಟರಿಯಿಂದ ನೇರವಾಗಿ, ಇಂಜಿನ್ನನ್ನು ಎಬ್ಬಿಸುವ ಸೆಲ್ಫ್ ಮೋಟರಿಗೆ ತಂತಿ ಕೊಟ್ಟು ನೋಡಿದರು. ಕಿಡಿ ಹಾರಿತು, ಮೋಟರು ತಿರುಗಲಿಲ್ಲ. ಸ್ಪ್ಯಾನರಿನಿಂದ ಅದರ ಮೈಮೇಲೆ ಕುಟ್ಟಿದರು. ಒಂದು ಸಲ ನರಳಿ ಸುಮ್ಮನಾಯಿತು.

"ಬ್ಯಾಟ್ರಿ ಅಲ್ಲ, ವೈರಲ್ಲ. ಸೆಲ್ಫೇ ಹೋಗೈತೆ ಅನಂತಣ್ಣ. ನಾನು ಅವತ್ತೇ ಹೇಳಿರ್ಲಿಲ್ವಾ?"

ಅವತ್ತು ಅವರು ಏನು ಹೇಳಿದ್ದರು ಎಂಬುದನ್ನು ಚರ್ಚಿಸಲು ಅನಂತರಾಜು ಅವರಿಗೆ ಪುರುಸೊತ್ತಿರಲಿಲ್ಲ. ತಂಗಿಗೆ ಒಂದು ಮಾತು ತಿಳಿಸೋಣವೆಂದರೆ ಅವಳ ಫೋನು ಕಾರಿನ ಸೀಟಿನ ಮೇಲೆಯೇ ಬಿದ್ದಿತ್ತು. ಅಂಕಯ್ಯನವರಿಗೆ ಮಾಡಿದರು.

ಹೊಂಗನೂರಿನ ಜಗಲಿಯಲ್ಲಿ ಅಂಕಯ್ಯನವರ ಜೇಬು ಹಾಡತೊಡಗಿತು. ಕಿವಿ ಕೇಳಿಸದ ಕಾರಣ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತಿತ್ತು. ಮನೆಯವರೆಲ್ಲ ಅತ್ತ ತಿರುಗಿದರು.

"ಅಂಕಣ್ಣ, ನಾನು ಅನಂತ! ಮುನೀಗೆ ಹೇಳು, ಬರೋದು ಒಸಿ ತಡ ಆಯ್ತದೆ ಅಂತ!" ಎಂದಿತು ಫೋನು. ಅದರ ಹಿಂದೆಯೇ ಇನ್ನೊಂದು ದನಿ, ಹತ್ತಿರದಿಂದ, ಬಹಳ ಉತ್ಸಾಹದಲ್ಲಿ: "ಇದನ್ನ ಬುಟ್ಹಾಕಿ ಅಣ್ಣ! ಇದ್ರ ಕಥೆ ಮುಗೀತು! ರಾಮನಗರದಲ್ಲಿ ಒಂದು ಒಳ್ಳೇದು ನೋಡಿಟ್ಟಿದ್ದೀನಿ, ಈಗ್ಲೇ ಹೋಗಿ ನೋಡ್ಕೊಂಡು ಬರೋಣ!"

ದೇವೀರಮ್ಮ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು.

"ಹೊಸದಾ?" ಅನಂತರಾಜು ಕೇಳುವುದು ಕೇಳಿಸಿತು.

"ಹೊಸದೆಲ್ಲಿ ಸಿಗ್ತದೆ ಅಣ್ಣ ಇದ್ಕೆ! ಸೆಕೆಂಡ್ ಹ್ಯಾಂಡೇ. ಒಂದ್ಸಲ ಬಿಚ್ಚಿ ಕಟ್ಟವ್ರೆ. ಆದ್ರೆ ಗಟ್ಟಿಯಾಗೈತೆ, ಬಿಸಿ ಆದ್ರೂ ಕೈ ಕೊಡಲ್ಲ!"

"ಏನಂತೆ?" ಎಂದು ಅಂಕಯ್ಯನವರು ಎಲ್ಲರನ್ನೂ ಕೇಳಿದರು. ಫೋನು ಕಟ್ಟಾಯಿತು.

ಮುನಿಯಮ್ಮನವರ ಮುಖ ಬಿಳಿಚಿಕೊಂಡಿತು. ಅಣ್ಣ ಹಿಂದೊಮ್ಮೆ, ರಾಮನಗರದಲ್ಲಿ ಗೌರ್ಮೆಂಟ್ ಕೆಲಸದ ಹುಡುಗನೊಬ್ಬ ಇದ್ದಾನೆ, ಮೊದಲ ಹೆಂಡತಿ ಬಿಟ್ಟು ಹೋಗಿದ್ದಾಳಂತೆ ಎಂದು ಮಾತಿಗೆ ಹೇಳಿದ್ದು ಅವರ ತಲೆಯಲ್ಲಿ ಥಟ್ಟನೆ ಎದ್ದು ಕೂತಿತು. ಬ್ಯಾಟರಿ ಚಾರ್ಜಂತೆ!

"ನಮ್ಮಣ್ಣ ಇಂಥ ಕೆಲ್ಸ ಮಾಡ್ತಾನೆ ಅಂತ ನನಗೆ ಗೊತ್ತಿರ್ಲಿಲ್ಲ ಅಕ್ಕ," ಎಂದು ದೇವೀರಮ್ಮನವರ ಕೈ ಹಿಡಿದು ಅಳಲು ಶುರುಮಾಡಿದರು.

ಹೆಣ್ಣಿನ ತಾಯಿಯೇ ಹೀಗೆಂದ ಮೇಲೆ ಸಂಶಯಕ್ಕೆ ಜಾಗವೆಲ್ಲಿ? ರಾಮಲಿಂಗಯ್ಯನವರು ನಿಧಾನವಾಗಿ ಹೇಳಿದರು.

"ನಿಮ್ಮದೇನು ತಪ್ಪಿಲ್ಲ ತಾಯಿ. ಇಷ್ಟ ಇಲ್ದಿದ್ರೆ ಇಲ್ಲ ಅಂದುಬುಟ್ಟಿದ್ರೆ ಆಗ್ತಿತ್ತು. ನಮ್ಮ ಮನೇಲಿ ಕೂತ್ಕೊಂಡು, ಇನ್ನೊಂದು ಮನೆಗೆ ಹೋಗಕ್ಕೆ ಗಾಡಿ ಆನಲ್ಲಿ ಇಟ್ಕೊಳೋದು ಬೇಡವಾಗಿತ್ತು."

ಯೋಗಾನಂದ ಕಂಬಕ್ಕೆ ಒರಗಿ ನಿಂತಿದ್ದ. ಹೊಸ ಶರಟಿನ ತೋಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದ.

ಅಷ್ಟರಲ್ಲಿ ಗುಡುಗುಡು ಸದ್ದು ಕೇಳಿಸಿತು. ರಾಮನಗರಕ್ಕೆ ಆಮೇಲೆ ಹೋಗೋಣ, ಮೊದಲು ಬೀಗರ ಮನೆಯ ತಟ್ಟೆ ಮುಂದೆ ಕೂರಬೇಕು ಎಂದು ಅನಂತರಾಜು ಹಟ ಹಿಡಿದು, ಸ್ಟೇಷನ್ ರಸ್ತೆಯವರಿಂದೆಲ್ಲ ಕಾರು ತಳ್ಳಿಸಿಕೊಂಡು, ಜಬ್ಬಾರ್ ಅವರನ್ನೂ ಅವರ ಸಾಮಾನಿನ ಚೀಲವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬಂದಿದ್ದರು. ಕಾರನ್ನು ಹುಳುಮನೆಯಿಂದ ದೂರ, ರಸ್ತೆ ಬದಿಯ ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಇಂಜಿನ್ನು ಓಡುತ್ತಲೇ ಇತ್ತು. ಬೀದಿಯೆಲ್ಲ ಅಲ್ಲಿ ನೆರೆದಿತ್ತು.

"ಇವ್ರೇನಾ ರಾಮನಗರದ ಕಡೆ ಬ್ರೋಕರ್ರು?" ಎಂದು ಯಾರೋ ಜಬ್ಬಾರ್ ಕಡೆ ಕೈ ತೋರಿಸಿದರು.

ಮುನಿಯಮ್ಮ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದರು. "ಸೆಕೆಂಡ್ ಹ್ಯಾಂಡು ನೋಡಕ್ಕೆ ಹೋಗಿದ್ಯಾ ನನ್ನ ಮಗಳಿಗೆ? ಒಂದ್ಸಲ ಬಿಚ್ಚಿ ಕಟ್ಟಿರೋನ್ನ?"

ಅನಂತರಾಜು ತಂಗಿಯ ಮುಖ ನೋಡಿದರು, ರಾಮಲಿಂಗಯ್ಯನವರ ಮುಖ ನೋಡಿದರು. ಇಷ್ಟು ಕಾಲ ಮುಖ ನೋಡಿಯೇ ಎಲ್ಲ ಹೇಳುತ್ತಿದ್ದ ಮನುಷ್ಯರಿಗೆ ಈ ಮುಖಗಳಲ್ಲಿ ಏನು ಬರೆದಿದೆಯೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ, ಪುಟ್ಟಿ 'ನಿಮ್ಮಿಷ್ಟ' ಎಂದಾಗ ತಲೆ ತಗ್ಗಿಸಿ ಉಗುರು ನೋಡಿಕೊಂಡಿದ್ದು ಕಣ್ಣ ಮುಂದೆ ಬಂತು.

"ಯಜಮಾನ್ರೆ," ಎಂದರು, ಬರಿಗಾಲಲ್ಲಿ ರಸ್ತೆಯ ಮೇಲೆ ನಿಂತು. "ನಾನು ಯಾವ ಗಂಡೂ ನೋಡಿಲ್ಲ. ನನ್ನ ಗಾಡಿ ಕೆಟ್ಟೈತೆ. ಬಿಸಿ ಆದ್ಮೇಲೆ ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ. ಅದ್ಕೇ ಆಫ್ ಮಾಡ್ಲಿಲ್ಲ. ಅವತ್ತು ಏನೇನೋ ಹೇಳ್ಬುಟ್ಟಿದ್ದೆ, ಇವತ್ತು ಹೇಳಕ್ಕೆ ನಾಚ್ಕೆ ಆಯ್ತು. ಬನ್ನಿ, ನಿಮ್ಮ ಕಣ್ಣಾರೆ ನೋಡಿ."

ಬಾಗಿ ಕೀಲಿ ಹಿಂದಕ್ಕೆ ತಿರುಗಿಸಿದರು. ಗುಡುಗುತ್ತಿದ್ದ ಕಾರು ಸುಮ್ಮನಾಯಿತು. ಹೊಂಗೆ ಮರದಲ್ಲಿ ಹಕ್ಕಿ ಕೂಗುವುದು ಕೇಳಿಸಿತು. ಅನಂತರಾಜು ಕೀಲಿ ಮುಂದಕ್ಕೆ ತಿರುಗಿಸಿದರು.

ಅಂಬಾಸಿಡರ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅನಂತರಾಜು ಗಾಬರಿಯಿಂದ ಆಫ್ ಮಾಡಿ ಮತ್ತೆ ತಿರುಗಿಸಿದರು. ಮತ್ತೆ, ಮೊದಲಿಗಿಂತ ಚೆನ್ನಾಗಿ, ಸ್ಟಾರ್ಟ್ ಆಯಿತು.

"ಭಾಳ ಚೆನ್ನಾಗೈತೆ ಗಾಡಿ," ಎಂದರು ರಾಮಲಿಂಗಯ್ಯನವರು. ಅವರ ದನಿ ತಣ್ಣಗಿತ್ತು. ಬೆನ್ನು ತಿರುಗಿಸಿ ಮನೆಯ ಕಡೆ ನಡೆದರು.

"ಅರೆ, ನಾನು ಸಾಕ್ಷಿ ಕಣಣ್ಣ!" ಎಂದು ಜಬ್ಬಾರ್ ಕೂಗಿದರು. "ನನ್ನ ಅಂಗ್ಡಿ ಮುಂದೆ ಸತ್ತು ಬಿದ್ದಿತ್ತು!" ಬ್ರೋಕರರ ಸಾಕ್ಷಿಯನ್ನು ಯಾರು ಕೇಳುತ್ತಾರೆ?

ಅನಂತರಾಜು ಸೀಟಿನಲ್ಲಿ ಕೂತು ಮತ್ತೊಮ್ಮೆ ಆಫ್ ಮಾಡಿದರು. ದೇವರನ್ನು ಕರೆಯುವ ಅಭ್ಯಾಸ ಅವರಿಗೆ ಅಷ್ಟಾಗಿ ಇರಲಿಲ್ಲ. ಆ ಹೊತ್ತು ಕರೆದರು. ಗಾಡಿ ಸ್ಟಾರ್ಟ್ ಆಗದಿರಲಿ ಎಂದು ದೇವರನ್ನು ಬೇಡಿಕೊಂಡ ಮಾಲೀಕರು ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು. ಕೀಲಿ ತಿರುಗಿಸಿದರು.

ಟಕ್.

ಗೇಟಿನ ಮೇಲೆ ಕೈಯಿಟ್ಟಿದ್ದ ರಾಮಲಿಂಗಯ್ಯನವರು ನಿಂತರು.

ಟಕ್. ಟಕ್.

"ಕೇಳಿದ್ರಾ?" ಅನಂತರಾಜು ಹೊರಗೆ ಜಿಗಿದರು. ಕಣ್ಣಲ್ಲಿ ನೀರಿತ್ತು. "ಆಗ್ತಾ ಇಲ್ಲ! ನೋಡಿ ಯಜಮಾನ್ರೆ, ಆಗ್ತಾನೇ ಇಲ್ಲ! ಬನ್ನಿ, ನೀವೇ ತಿರುಗಿಸಿ ನೋಡಿ!"

ರಾಮಲಿಂಗಯ್ಯನವರು ವಾಪಸು ಬಂದರು. ಗಂಭೀರವಾಗಿ ಕಾರಿನಲ್ಲಿ ಕೂತು, ತಾವೇ ಕೀಲಿ ತಿರುಗಿಸಿದರು. ಟಕ್. ಇನ್ನೊಮ್ಮೆ ತಿರುಗಿಸಿದರು. ಟಕ್. ಕೆಳಗಿಳಿದು, ಬಾಗಿಲು ಹಾಕಿ, ಮಗನನ್ನು ಕರೆದರು.

"ಯೋಗಿ, ಅವ್ರ ಚಪ್ಲಿ ತಂದ್ಕೊಡು. ರಸ್ತೆ ಕಾದೈತೆ."

ಅಷ್ಟು ಹೇಳಿದ್ದೇ ಸಾಕಾಯಿತು. ಮುನಿಯಮ್ಮ ಅಳುತ್ತಿದ್ದವರು ನಗತೊಡಗಿದರು. ನಗುವುದಕ್ಕೂ ಅಣ್ಣನನ್ನು ಬಯ್ಯುವುದಕ್ಕೂ ಒಟ್ಟಿಗೇ ಪ್ರಯತ್ನಿಸಿ, ಕೊನೆಗೆ ದೇವೀರಮ್ಮನವರ ಹೆಗಲಿಗೆ ತಲೆ ಇಟ್ಟರು. "ಏನಂತೆ?" ಎಂದರು ಅಂಕಯ್ಯನವರು. "ಗಾಡಿ ಕೆಟ್ಟೈತಂತೆ!" ಎಂದು ಇಡೀ ಬೀದಿ ಒಟ್ಟಿಗೆ ಕೂಗಿ ಹೇಳಿತು.

ಜಬ್ಬಾರ್ ಚೀಲ ಬಿಚ್ಚಿದರು. ಬ್ಯಾಟರಿಯ ತಂತಿ ತೆಗೆದು, ಬೋಲ್ಟು ಸಡಿಲಿಸಿ, ಸೆಲ್ಫ್ ಮೋಟರನ್ನು ಹೊರಗೆಳೆದು ಗೋಣಿಚೀಲದ ಮೇಲೆ ಇಟ್ಟರು. ರಾಮಲಿಂಗಯ್ಯನವರು ಪಂಚೆ ಮೇಲೆ ಕಟ್ಟಿ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಮೊದಲು ಕಾರ್ಬನ್ನು ಸವೆದಿದೆ ಎಂದು ಜಬ್ಬಾರ್ ಸಾರಿದರು. ನೋಡಿದರೆ ಕಾರ್ಬನ್ನು ಚೆನ್ನಾಗಿಯೇ ಇತ್ತು. ಹಾಗಾದರೆ ಒಳಗೆ ಸುತ್ತಿದ ತಂತಿ, ವೈಂಡಿಂಗ್, ಸುಟ್ಟಿದೆ ಎಂದರು. ಮೂಸಿ ನೋಡಿದರೆ ಸುಟ್ಟ ವಾಸನೆ ಇರಲಿಲ್ಲ. ಮೋಟರಿನೊಳಗೆ ತಿರುಗುವ ಆರ್ಮೇಚರನ್ನು ಎಳೆದು ಬೆಳಕಿಗೆ ಹಿಡಿದಾಗ ಅದರ ಒಂದು ಮಗ್ಗುಲು ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು.

"ಇದೇನು?" ಎಂದರು ಅನಂತರಾಜು.

"ಇದು ಪಕ್ಕದ ಕಬ್ಬಿಣಕ್ಕೆ ಉಜ್ಜೈತೆ." ಜಬ್ಬಾರ್ ಅದರ ತುದಿಯನ್ನು, ಅದನ್ನು ಹಿಡಿದಿಡುವ ಹಿತ್ತಾಳೆಯ ಬಳೆಯಂಥ ಬುಷ್ಷಿನೊಳಗೆ ತೂರಿಸಿ ಅಲ್ಲಾಡಿಸಿದರು. ಗೂಟ ಸಡಿಲಾದಂತೆ ಆಡುತ್ತಿತ್ತು. "ಬುಷ್ಷು ಸವೆದೋಗೈತೆ ಅಣ್ಣ. ತಣ್ಣಗಿದ್ದಾಗ ಹೆಂಗೋ ತಿರುಗ್ತದೆ. ಬಿಸಿ ಆಗಿ ಹಿಗ್ಗಿದ್ರೆ ಗಟ್ಟಿಯಾಗಿ ಹಿಡ್ಕೊಂಡ್ಬುಡ್ತದೆ. ಆಗ್ಲೆ ಎರಡು ಸಲ ಎದ್ದಿದ್ದು ನಾನು ಕುಟ್ಟಿದ್ದ ಪುಣ್ಯ. ಬೇರೆ ಸೆಲ್ಫು ಬೇಡ, ಬುಷ್ಷು ಹಾಕಿದ್ರೆ ಸಾಕು. ನಾನು ಅವತ್ತೇ ಹೇಳಿರ್ಲಿಲ್ವಾ?"

ಯೋಗಾನಂದ ಹಳೇ ಬುಷ್ಷನ್ನು ಜೇಬಿಗೆ ಹಾಕಿಕೊಂಡು, ಚನ್ನಪಟ್ಟಣದ ಲೇತ್ ಅಂಗಡಿಯಲ್ಲಿ ಹೊಸದು ಕಡೆಸಿ ತರಲು ಬೈಕು ಹತ್ತಿದ. ಒಂದು ಬುಷ್ಷು ಕಡೆಯಲು ಹಿಡಿಯಬೇಕಾದ್ದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯಿತು. ಲೇತ್ ಮುಂದೆ ನಿಂತು ಅವನು ಫೋನಿನಲ್ಲಿ ನಗುನಗುತ್ತಾ ಮಾತಾಡುತ್ತಲೇ ಇದ್ದನಂತೆ. ಆಚೆ ಕಡೆ ಇದ್ದವರು ರಾಮನಗರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ನಿನ ಟ್ರೇ ಹಿಡಿದುಕೊಂಡೇ ನಗುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಬುಷ್ಷು ಬಂತು. ಜಬ್ಬಾರ್ ಹದವಾಗಿ ಕುಟ್ಟಿ ಕೂರಿಸಿ, ಎಣ್ಣೆ ಬಿಟ್ಟು, ಮೋಟರನ್ನು ಜೋಡಿಸಿದರು. ಅನಂತರಾಜು ಊರಿಗೆ ಎರಡು ಸುತ್ತು ಹಾಕಿ ಗಾಡಿ ಚೆನ್ನಾಗಿ ಬಿಸಿ ಮಾಡಿಕೊಂಡು ಬಂದು, ಆಫ್ ಮಾಡಿ, ಸ್ಟಾರ್ಟ್ ಮಾಡಿದರು. ಆಯಿತು. ಹತ್ತಾರು ಸಲ ಮಾಡಿದರು. ಪ್ರತಿ ಸಲವೂ ಆಯಿತು. ಬೀದಿಯ ಜನ ಬೇಜಾರಾಗಿ ಒಬ್ಬೊಬ್ಬರೇ ಮನೆಗೆ ಹೋದರು.

ಜಬ್ಬಾರ್ ಕೈ ತೊಳೆದು ಚೀಲ ಕಟ್ಟುತ್ತಿದ್ದಾಗ ರಾಮಲಿಂಗಯ್ಯನವರು ಹತ್ತಿರ ಬಂದು ನಿಂತರು. ಏನೋ ಹೇಳಬೇಕು, ಹೇಳಲಾಗುತ್ತಿಲ್ಲ ಎನ್ನುವಂತೆ ಕೆಮ್ಮಿದರು. ಅತ್ತಿತ್ತ ನೋಡಿ, ಅನಂತರಾಜು ಅವರನ್ನೂ ಸನ್ನೆ ಮಾಡಿ ಹತ್ತಿರ ಕರೆದು, ದನಿ ತಗ್ಗಿಸಿದರು.

"ಸಾಬ್ರೆ, ಚೀಲ ಕಟ್ಬ್ಯಾಡಿ. ತೋಟದ ಹಿಂದೆ ನಮ್ಮ ಟ್ರಾಕ್ಟರು ನಿಂತೈತೆ. ಸುಗ್ಗಿಯಿಂದ ಸೆಲ್ಫ್ ಹಿಡೀತಾ ಇಲ್ಲ. ಬೀಗ್ರು ಬರೋ ದಿನ ಕಾಣ್ಬಾರ್ದು ಅಂತ ನಾನೂ ನನ್ನ ಮಗಾನೂ ನೆನ್ನೆ ತಳ್ಳಿ ಅಲ್ಲಿ ಮರೆ ಮಾಡಿದ್ವು. ಮೇಲೆ ಜೋಳದ ಕಡ್ಡಿ ಹೊದಿಸಿದ್ದೀನಿ."

ಅನಂತರಾಜು ಹೆಗಲ ಮೇಲಿನ ಟವೆಲನ್ನು ತೆಗೆದು ಸೊಂಟಕ್ಕೆ ಕಟ್ಟಿದರು.

"ನಡೀರಿ ಬೀಗ್ರೆ," ಎಂದರು. "ಬೆಳಕಿರುವಾಗ್ಲೆ ಈಚೆಗೆ ತರೋಣ."

ಟ್ರಾಕ್ಟರಿನ ಹಿಂದೆ ಒಂದು ಕಡೆ ರಾಮಲಿಂಗಯ್ಯನವರು, ಒಂದು ಕಡೆ ಅನಂತರಾಜು, ನಡುವೆ ಯೋಗಾನಂದ ಹೆಗಲು ಕೊಟ್ಟು ನಿಂತರು. ಜಬ್ಬಾರ್ ಸ್ಟೇರಿಂಗ್ ಹಿಡಿದು ಸಲಹೆ ಕೊಡುತ್ತಿದ್ದರು. ಅಂಕಯ್ಯನವರು ಬದುವಿನ ಮೇಲೆ ನಿಂತು ಐಸಾ ಎಂದು ಕೂಗುತ್ತಿದ್ದರು, ತಳ್ಳುವವರು ಉಸಿರು ಬಿಡುವ ಹೊತ್ತಿಗೆ ಸರಿಯಾಗಿ. ಕೆಂಪು ಮಣ್ಣಿನಲ್ಲಿ ಹೂತ ಗಾಲಿ ಒಂದು ಗೇಣು ಬಂದು, ಅರ್ಧ ಗೇಣು ಹಿಂದೆ ಹೋಗುತ್ತಿತ್ತು.

ಬೆವರಿಳಿಸಿಕೊಂಡು, ಮೈಯೆಲ್ಲ ಮಣ್ಣಾಗಿ ಗಂಡಸರು ಜಗಲಿಗೆ ಬಂದಾಗ ದೇವೀರಮ್ಮನವರೂ ಮುನಿಯಮ್ಮನವರೂ ಕ್ಯಾಲೆಂಡರು ಮುಂದೆ ಹಾಕಿಕೊಂಡು ಕೂತಿದ್ದರು. ಮುಂದಿನ ಹುಳ ಸಾಕುವ ಮೊದಲು ನಿಶ್ಚಿತಾರ್ಥ, ಶ್ರಾವಣದಲ್ಲಿ ಮದುವೆ ಎಂದು ತೀರ್ಮಾನವಾಗಿತ್ತು. ಅದರ ಬಗ್ಗೆ ಗಂಡಸರನ್ನು ಯಾರೂ ಏನೂ ಕೇಳಲಿಲ್ಲ. ಕೈಕಾಲು ತೊಳೆದುಕೊಂಡು ಊಟಕ್ಕೆ ಬನ್ನಿ ಎಂದು ಮಾತ್ರ ಹೇಳಿದರು.